ಐರ್ಲೆಂಡ್ ಗೆಲ್ಲೋದು ಸುಲಭ, ಮಕ್ಕಳಿಗೆ ಪಾಲು ಮಾಡೋದೇ ಕಷ್ಟ

‘ಇನ್ನೊಂದೇ ಐದು ವರ್ಷ, ಆಮೇಲೆ ಮಲಗ್ತೀನಿ’ ಅಂತ ರಾತ್ರಿ ಹನ್ನೊಂದೂವರೆಗೆ ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಅವರು ‘ಕ್ರುಸೇಡರ್ ಕಿಂಗ್ಸ್’ ಆಡ್ತಿದ್ದಾರೆ ಅಂತ ಅರ್ಥ. ಈ ಆಟದಲ್ಲಿ ವರ್ಷಗಳು ನಿಮಿಷಗಳಲ್ಲಿ ಉರುಳುತ್ತವೆ. ರಾಜರು ಸಾಯ್ತಾರೆ, ಮಕ್ಕಳು ಪಟ್ಟಕ್ಕೆ ಬರ್ತಾರೆ, ಮೊಮ್ಮಕ್ಕಳಿಗೆ ಹೆಣ್ಣು ನೋಡೋದೂ ಶುರುವಾಗುತ್ತೆ. ಬೆಳಗ್ಗೆ ಒಂಬತ್ತೂವರೆಯ ಆಫೀಸ್ ಕಾಲ್ ಮಾತ್ರ ಇದ್ದಲ್ಲೇ ಇರುತ್ತೆ.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಪ್ಯಾರಡಾಕ್ಸ್ ಕಂಪನಿಯ ಆಟ ಇದು. ಎರಡನೇ ಭಾಗ 2012ರಲ್ಲಿ ಬಂತು, ಮೂರನೆಯದು 2020ರ ಸೆಪ್ಟೆಂಬರ್‌ನಲ್ಲಿ. ನೀವು ಇದನ್ನು ಫೋನಿನಲ್ಲಿ ಓದ್ತಿದ್ದೀರಿ ಅಂತ ಗೊತ್ತು, ಆದರೆ ಆಟ ಫೋನಿನದ್ದಲ್ಲ. ಕಂಪ್ಯೂಟರ್ ಅಥವಾ ಹೊಸ ಕನ್ಸೋಲ್ ಬೇಕು. ಜೊತೆಗೆ ಒಂದಿಷ್ಟು ತಾಳ್ಮೆ ಬೇಕು, ಯಾಕಂದ್ರೆ ಮೊದಲ ದಿನ ಪರದೆ ತುಂಬ ಬಟನ್‌ಗಳೇ ಕಾಣುತ್ತವೆ. ಎಲ್ಲಿ ಒತ್ತಬೇಕು ಅಂತ ಯಾರಿಗೂ ತಿಳಿಯಲ್ಲ.

ಉಳಿದ ಯುದ್ಧದ ಆಟಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ನೀವು ಒಂದು ದೇಶ ಅಲ್ಲ, ಒಬ್ಬ ಮನುಷ್ಯ. ಅವನಿಗೆ ಹೆಂಡತಿ ಇದ್ದಾಳೆ, ದಾಯಾದಿಗಳಿದ್ದಾರೆ, ಸಿಟ್ಟಿದೆ, ಸೋಮಾರಿತನ ಇದೆ. ಅವನು ಸತ್ತರೆ ನೀವು ಅವನ ವಾರಸುದಾರನಾಗಿ ಆಟ ಮುಂದುವರಿಸ್ತೀರಿ. ವಂಶದಲ್ಲಿ ಪಟ್ಟಕ್ಕೆ ಬರೋರು ಯಾರೂ ಉಳಿಯದಿದ್ದರೆ ಆಟ ಮುಗೀತು. ಅದಕ್ಕೇ ಇದು ಯುದ್ಧದ ಆಟ ಅನ್ನೋದಕ್ಕಿಂತ ಸಂಸಾರದ ಆಟ ಅನ್ನೋದೇ ಸರಿ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಬರೋ ಆಸ್ತಿ ಜಗಳ, ಮದುವೆ ಮಾತುಕತೆ, ಊಟದಲ್ಲಿ ವಿಷ, ಎಲ್ಲವೂ ಇಲ್ಲಿದೆ.

ಹೊಸಬರಿಗೆ ಈ ಆಟ ಕಲಿಸಿಕೊಡೋ ಜಾಗ ಐರ್ಲೆಂಡ್. ಆಟಗಾರರು ಪ್ರೀತಿಯಿಂದ ‘ಟ್ಯುಟೋರಿಯಲ್ ದ್ವೀಪ’ ಅಂತಾರೆ. 1066ರ ಸೆಪ್ಟೆಂಬರ್ 15ಕ್ಕೆ ಆಟ ಶುರು. ನೀವು ದ್ವೀಪದ ನೈಋತ್ಯ ಮೂಲೆಯ ಮನ್‌ಸ್ಟರ್ ಪ್ರಾಂತ್ಯದ ಪುಟ್ಟ ರಾಜ ಮುರ್ಖಾದ್. ಹೆಸರು ಕೇಳಿ ನಗಬೇಡಿ, ಐರಿಷ್ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ ಇದೆ. ನಿಮ್ಮ ಕೆಲಸ ಒಂದೇ: ಚೂರುಚೂರಾಗಿರೋ ದ್ವೀಪವನ್ನು ಒಂದು ಮಾಡೋದು.

ಐದು ಪಾಲಿನ ದ್ವೀಪ

ಮನ್‌ಸ್ಟರ್, ಲೆನ್‌ಸ್ಟರ್, ಕೊನಾಕ್ಟ್, ಅಲ್‌ಸ್ಟರ್, ಮೀಥ್. ಐರಿಷ್ ಭಾಷೆಯಲ್ಲಿ ಪ್ರಾಂತ್ಯಕ್ಕೆ ‘ಕೂಗೆ’ ಅಂತಾರೆ. ಆ ಪದದ ಅರ್ಥವೇ ‘ಐದನೇ ಒಂದು ಭಾಗ’. ಅಂದ್ರೆ ಪಾಲಿನ ಲೆಕ್ಕ ಭಾಷೆಯೊಳಗೇ ಕೂತಿದೆ. ಈ ಐದರ ಕೆಳಗೆ ಆ ಕಾಲದಲ್ಲಿ ನೂರರ ಆಸುಪಾಸಿನಲ್ಲಿ ಪುಟ್ಟ ಪುಟ್ಟ ರಾಜರಿದ್ದರು. ಒಬ್ಬೊಬ್ಬರ ರಾಜ್ಯ ನಮ್ಮ ಒಂದು ಹೋಬಳಿ, ಹೆಚ್ಚೆಂದರೆ ತಾಲ್ಲೂಕಿನಷ್ಟು.

ಆಟ ಇದನ್ನು ಮೆಟ್ಟಿಲಿನ ಹಾಗೆ ಜೋಡಿಸಿದೆ. ಕೆಳಗೆ ಕೌಂಟಿ, ಅದರ ಮೇಲೆ ಡಚಿ, ಅದರ ಮೇಲೆ ಕಿಂಗ್‌ಡಮ್, ತುದಿಯಲ್ಲಿ ಎಂಪೈರ್. ‘ಪುಟ್ಟ ರಾಜ’ ಅಂತ ಕರೆಸಿಕೊಂಡರೂ ಮುರ್ಖಾದ್ ನಿಂತಿರೋದು ಡಚಿ ಮೆಟ್ಟಿಲಲ್ಲಿ. ಅವನು ಇಡೀ ಐರ್ಲೆಂಡಿನ ರಾಜ ಆಗಬೇಕಾದರೆ ದ್ವೀಪದ ಅರ್ಧಕ್ಕಿಂತ ಹೆಚ್ಚು ಕೌಂಟಿಗಳು ಕೈಯಲ್ಲಿರಬೇಕು, ಜೊತೆಗೆ ಪಟ್ಟ ಸೃಷ್ಟಿಸಲು ಬೇಕಾದಷ್ಟು ಚಿನ್ನ ಇರಬೇಕು. ಗಮನಿಸಿ, ಪೂರ್ತಿ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಒಂದು ವಿಷಯ ತಲೆಯಲ್ಲಿದ್ದರೆ ಇಡೀ ತಂತ್ರ ಬದಲಾಗುತ್ತೆ. ಬಹಳ ಜನ ಪೂರ್ತಿ ದ್ವೀಪ ಗೆದ್ದ ಮೇಲೆ ಪಟ್ಟದ ಬಗ್ಗೆ ಯೋಚಿಸ್ತಾರೆ. ಅಷ್ಟೊತ್ತಿಗೆ ರಾಜನ ಗಡ್ಡ ಬೆಳ್ಳಗಾಗಿರುತ್ತೆ.

ಶುರುವಿನ ತಾರೀಖೂ ಸುಮ್ಮನೆ ಆರಿಸಿದ್ದಲ್ಲ. ಆ ಹೊತ್ತಿಗೆ ಪಕ್ಕದ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕೆ ಮೂರು ಜನ ಕಚ್ಚಾಡ್ತಿದ್ದಾರೆ. ನಾರ್ವೆಯ ರಾಜ ಹೆರಾಲ್ಡ್ ಹಾರ್ಡ್ರಾಡ ಉತ್ತರದಲ್ಲಿ ಇಳಿಯೋ ಹೊತ್ತು. ನಾರ್ಮಂಡಿಯ ವಿಲಿಯಂ ಸಮುದ್ರ ದಾಟಲು ಗಾಳಿ ಕಾಯ್ತಿದ್ದಾನೆ. ಇನ್ನು ಒಂದು ತಿಂಗಳೊಳಗೆ, ಅಕ್ಟೋಬರ್ 14ಕ್ಕೆ, ಹೇಸ್ಟಿಂಗ್ಸ್ ಕದನ. ಅಂದ್ರೆ ನಿಮಗಿಂತ ಎಷ್ಟೋ ಪಟ್ಟು ದೊಡ್ಡವನಾದ ಪಕ್ಕದ ಮನೆಯವನು ಸದ್ಯಕ್ಕೆ ತನ್ನ ಮನೆ ಬೆಂಕಿ ಆರಿಸೋದರಲ್ಲಿದ್ದಾನೆ. ಈ ಬಿಡುವು ಹೆಚ್ಚು ದಿನ ಇರಲ್ಲ. ಗೆದ್ದವನು ಸುಧಾರಿಸಿಕೊಂಡು ಪಶ್ಚಿಮಕ್ಕೆ ಕಣ್ಣು ಹಾಕುವ ಮೊದಲು ನಿಮ್ಮ ತಲೆ ಮೇಲೆ ಕಿರೀಟ ಇರಬೇಕು.

ಮೊದಲು ಬೀಗರು, ಆಮೇಲೆ ಸೈನ್ಯ

ಆಟ ಶುರುವಾದ ಕೂಡಲೇ ಗಡಿಯಾರ ನಿಲ್ಲಿಸಿ. ಒಂದು ದಿನವೂ ಓಡಿಸಬೇಡಿ. ಮನೆಯಲ್ಲಿ ಮದುವೆ ಆಗದೆ ಇರೋರು ಯಾರ್‍ಯಾರಿದ್ದಾರೆ ನೋಡಿ. ಮಗ, ಮಗಳು, ತಂಗಿ, ಕೊನೆಗೆ ನೀವೇ. ಪ್ರತಿಯೊಂದು ಮದುವೆಯೂ ಒಂದು ಮೈತ್ರಿ, ಮತ್ತು ಮೈತ್ರಿ ಅಂದರೆ ನೀವು ಸಂಬಳ ಕೊಡದೆ ಬರೋ ಸೈನ್ಯ.

ಆದರೆ ಬೀಗತನ ಎಲ್ಲಿ ಮಾಡಬೇಕು ಅನ್ನೋದರಲ್ಲಿ ಬುದ್ಧಿ ಬೇಕು. ನೀವು ನಾಳೆ ನುಂಗಬೇಕಾದ ಐರಿಷ್ ರಾಜನ ಮನೆಗೆ ಮಗಳನ್ನು ಕೊಟ್ಟರೆ ಅವನ ಮೇಲೆ ಕತ್ತಿ ಎತ್ತೋದು ಕಷ್ಟ. ಅದಕ್ಕೇ ದ್ವೀಪದ ಆಚೆ ನೋಡಬೇಕು. ಸ್ಕಾಟ್ಲೆಂಡ್, ವೇಲ್ಸ್, ಫ್ರಾನ್ಸಿನ ತುದಿಯ ಬ್ರಿಟನಿ, ಇವು ಹತ್ತಿರವೂ ಹೌದು, ನಿಮ್ಮ ಗುರಿಗೆ ಅಡ್ಡ ಬರೋದೂ ಇಲ್ಲ. ತೀರಾ ದೂರದ ದೊಡ್ಡ ರಾಜನ ಸಂಬಂಧ ನೋಡಕ್ಕೆ ಚೆಂದ, ಆದರೆ ಅವನ ಸೈನ್ಯ ಹಡಗು ಹತ್ತಿ ಬರೋ ಹೊತ್ತಿಗೆ ನಿಮ್ಮ ಯುದ್ಧ ಮುಗಿದಿರುತ್ತೆ. ಇನ್ನೊಂದು ಮಾತು: ಬೀಗರು ನಿಮ್ಮ ಕಷ್ಟಕ್ಕೆ ಬರೋ ಹಾಗೆ, ಅವರ ಕಷ್ಟಕ್ಕೆ ನೀವೂ ಹೋಗಬೇಕು. ದಿನಾ ಜಗಳ ಮಾಡಿಕೊಳ್ಳೋ ಮನೆಗೆ ಸಂಬಂಧ ಬೆಳೆಸಿದರೆ ಜೀವನ ಪೂರ್ತಿ ಅವರ ಪಂಚಾಯ್ತಿಯೇ ಆಗುತ್ತೆ.

ಮುಂದಿನದು ಬಿಷಪ್. ಈ ಆಟದಲ್ಲಿ ನೆಪ ಇಲ್ಲದೆ ಯುದ್ಧ ಸಾರೋ ಹಾಗಿಲ್ಲ. ಆ ಕೌಂಟಿ ನಮ್ಮ ಅಜ್ಜಂದು, ಪತ್ರ ಇದೆ ಅಂತ ತೋರಿಸಬೇಕು. ಪತ್ರ ಇಲ್ಲದಿದ್ದರೆ ಮಾಡಿಸಬೇಕು! ಆಸ್ಥಾನದ ಪಾದ್ರಿಯನ್ನು ಪಕ್ಕದ ಕೌಂಟಿಯ ಮೇಲೆ ಹಕ್ಕು ಸೃಷ್ಟಿಸುವ ಕೆಲಸಕ್ಕೆ ಹಚ್ಚಿದರೆ, ಅವನು ಕೆಲ ತಿಂಗಳು ಹಳೇ ಚರ್ಮದ ಹಾಳೆಗಳ ನಡುವೆ ಕೂತು ಹೇಗೋ ಒಂದು ದಾಖಲೆ ‘ಹುಡುಕಿ’ ತರ್ತಾನೆ. ಅದಕ್ಕೆ ಚಿನ್ನ ಬೇರೆ ಕೊಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾದ್ರಿ ಎಷ್ಟು ಓದಿಕೊಂಡವನೋ ಅಷ್ಟು ಬೇಗ ಕೆಲಸ ಆಗುತ್ತೆ. ಅವನಿಗೆ ನಿಮ್ಮ ಮೇಲೆ ಪ್ರೀತಿ ಇರೋದೂ ಮುಖ್ಯ, ಯಾಕಂದ್ರೆ ಚರ್ಚಿನ ಜಮೀನಿನ ಕಂದಾಯ, ಸೈನಿಕರು ನಿಮಗೆ ಬರೋದು ಅವನ ಕೃಪೆಯಿಂದ. ಒಂದು ಉಡುಗೊರೆ ಕೊಟ್ಟು ಚೆನ್ನಾಗಿಟ್ಟುಕೊಳ್ಳಿ.

ಯುದ್ಧದ ಬಗ್ಗೆ ಹೆಚ್ಚು ಹೇಳಲ್ಲ, ಅದೇ ಇಲ್ಲಿ ಸುಲಭದ ಭಾಗ. ಒಂಟಿಯಾಗಿರೋನನ್ನು, ಮೈತ್ರಿ ಇಲ್ಲದವನನ್ನು, ಈಗಾಗಲೇ ಬೇರೆ ಯುದ್ಧದಲ್ಲಿ ಸಿಕ್ಕಿಬಿದ್ದವನನ್ನು ಮೊದಲು ಹಿಡೀರಿ. ಊರಿಂದ ಎಳೆದು ತಂದ ರೈತಾಪಿ ಲೆವಿಗಿಂತ ಕಾಯಂ ಪಡೆ, ಅಂದ್ರೆ ಮೆನ್ ಅಟ್ ಆರ್ಮ್ಸ್, ಎಷ್ಟೋ ವಾಸಿ. ಹಣ ಉಳಿದರೆ ಅಲ್ಲಿ ಹಾಕಿ. ಹೊಳೆ ದಾಟಿ ದಾಳಿ ಮಾಡಬೇಡಿ, ಎದುರಿನವನು ದಾಟಿ ಬರಲಿ ಅಂತ ಕಾಯಿರಿ. ಎದುರಾಳಿ ರಾಜನೇ ಸೆರೆ ಸಿಕ್ಕರೆ ಯುದ್ಧ ಅಲ್ಲಿಗೇ ನಿಮ್ಮದು. ಗೆದ್ದ ಮೇಲೆ ಐದು ವರ್ಷ ಅವನ ಜೊತೆ ಕದನವಿರಾಮ ಇರುತ್ತೆ, ಆ ಹೊತ್ತಿನಲ್ಲಿ ಇನ್ನೊಂದು ದಿಕ್ಕಿಗೆ ತಿರುಗಿ. ಹೀಗೆ ದಿಕ್ಕು ಬದಲಿಸ್ತಾ ಹೋದರೆ ಸೈನ್ಯ ಸುಮ್ಮನೆ ಕೂರಲ್ಲ.

ಕತ್ತಿಗಿಂತ ಅಗ್ಗದ ದಾರಿ ಇನ್ನೊಂದಿದೆ. ಎಷ್ಟೋ ಆಟಗಾರರು ಆ ಬಟನ್ ನೋಡೋದೇ ಇಲ್ಲ. ನಿಮಗಿಂತ ಒಂದು ಮೆಟ್ಟಿಲು ಕೆಳಗಿರೋ ಸ್ವತಂತ್ರ ಒಡೆಯನಿಗೆ ‘ನಮ್ಮ ಸಾಮಂತನಾಗು’ ಅಂತ ಹೇಳಿ ಕಳಿಸಬಹುದು. ಅವನು ನಿಮ್ಮ ಭಾಷೆ, ನಿಮ್ಮ ಧರ್ಮದವನೇ ಆಗಿ, ಅವನ ನೆಲ ನಿಮ್ಮ ಪಟ್ಟದ ವ್ಯಾಪ್ತಿಗೇ ಸೇರಿದ್ದರೆ ಒಪ್ಪುವ ಸಾಧ್ಯತೆ ಹೆಚ್ಚು. ಮೊದಲು ಸ್ವಲ್ಪ ಸ್ನೇಹ ಬೆಳೆಸಿ, ಒಂದು ಕಾಣಿಕೆ ಕಳಿಸಿ, ಆಮೇಲೆ ಕೇಳಿ. ಒಂದು ಹನಿ ರಕ್ತ ಇಲ್ಲದೆ ಒಂದು ಕೌಂಟಿ. ನನ್ನ ಕೇಳಿದರೆ ಈ ಆಟದ ಅತ್ಯಂತ ಖುಷಿಯ ಕ್ಷಣ ಅದೇ. ಕೋಟೆ ಮುತ್ತಿಗೆ ಹಾಕಿ ಒಂದು ವರ್ಷ ಕೂತು ಗೆದ್ದಾಗಲೂ ಅಷ್ಟು ಸಂತೋಷ ಆಗಲ್ಲ.

ಅಪ್ಪ ಸತ್ತ ದಿನ

ಈಗ ಅಸಲಿ ವಿಷಯಕ್ಕೆ ಬರೋಣ. ಇಪ್ಪತ್ತು ವರ್ಷ ಕಷ್ಟಪಟ್ಟು ಎರಡೂವರೆ ಪ್ರಾಂತ್ಯ ಗೆದ್ದಿದ್ದೀರಿ. ನಿಮ್ಮ ರಾಜನಿಗೆ ಮೂರು ಜನ ಗಂಡುಮಕ್ಕಳು. ಒಂದು ಚಳಿಗಾಲ ಕೆಮ್ಮು ಶುರುವಾಗುತ್ತೆ, ರಾಜ ಹೋಗ್ತಾನೆ. ಪರದೆ ಮೇಲೆ ಹಿರಿಮಗನ ಮುಖ ಬರುತ್ತೆ. ನಕ್ಷೆ ನೋಡಿದರೆ ನಿಮ್ಮ ಬಣ್ಣದ ಅರ್ಧ ಮಾಯ!

ಇದು ಆಟದ ದೋಷ ಅಲ್ಲ, ಆಟದ ತಿರುಳು. ಶುರುವಿನಲ್ಲಿ ಬಹುತೇಕರಿಗೆ ಇರೋ ಉತ್ತರಾಧಿಕಾರದ ಕಾನೂನು ಪಾಲಿನದ್ದು. ಗಂಡುಮಕ್ಕಳೆಲ್ಲರಿಗೂ ಹಿಸ್ಸೆ. ಹಿರಿಯನಿಗೆ ಮುಖ್ಯ ಪಟ್ಟ, ರಾಜಧಾನಿ. ಮಿಕ್ಕವರಿಗೆ ಮಿಕ್ಕಿದ್ದು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ನಿಮ್ಮ ಹತ್ತಿರ ಎರಡು ಡಚಿ ಇದ್ದು, ಮೇಲೆ ಕಿಂಗ್‌ಡಮ್ ಪಟ್ಟ ಇಲ್ಲದಿದ್ದರೆ, ಎರಡನೇ ಡಚಿ ಪಡೆದ ತಮ್ಮ ಅಣ್ಣನಿಗೆ ಸರಿಸಮ. ಅವನು ಯಾಕೆ ಕೈಕಟ್ಟಿ ನಿಲ್ಲಬೇಕು? ಸ್ವತಂತ್ರ ರಾಜನಾಗ್ತಾನೆ. ಅಪ್ಪ ಒಂದು ಮಾಡಿದ್ದನ್ನು ಪಾಲುಪಟ್ಟಿ ಒಂದೇ ದಿನದಲ್ಲಿ ಬೇರೆ ಮಾಡುತ್ತೆ.

ಅದೇ ಐರ್ಲೆಂಡಿನ ರಾಜ ಅನ್ನೋ ಪಟ್ಟ ಮೇಲೆ ಇದ್ದರೆ? ತಮ್ಮಂದಿರಿಗೆ ಡಚಿ ಹೋದರೂ ಅವರು ಅಣ್ಣನ ಕೆಳಗಿನ ಸಾಮಂತರಾಗಿ ಉಳೀತಾರೆ. ನೆಲ ಕೈಬದಲಾಗುತ್ತೆ, ರಾಜ್ಯ ಒಡೆಯಲ್ಲ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಕೌಂಟಿ ಆದ ದಿನವೇ ಪಟ್ಟ ಮಾಡಿಕೊಳ್ಳಿ ಅಂದಿದ್ದು. ಐರ್ಲೆಂಡಿನ ಆಟ ನಿಜಕ್ಕೂ ಶತ್ರುಗಳ ಜೊತೆಗಿನ ಪೈಪೋಟಿ ಅಲ್ಲ, ನಿಮ್ಮ ರಾಜನ ಆಯುಷ್ಯದ ಜೊತೆಗಿನ ಪೈಪೋಟಿ. ಚಿನ್ನ ಕೂಡಿಡೋಕೆ ಶುರು ಮಾಡಬೇಕಾದ್ದು ಕೊನೇ ಯುದ್ಧದ ನಂತರ ಅಲ್ಲ, ಮೊದಲನೇ ಯುದ್ಧದ ಮರುದಿನ. ಪಟ್ಟ ಬಂದ ಮೇಲೆ ಇನ್ನೊಂದು ಲಾಭವೂ ಇದೆ. ದ್ವೀಪದ ಉಳಿದ ಪ್ರತಿ ಕೌಂಟಿಯ ಮೇಲೂ ನಿಮಗೆ ತಾನಾಗಿಯೇ ಹಕ್ಕು ಬರುತ್ತೆ, ಪಾದ್ರಿಯ ದಾಖಲೆಯ ಹಂಗು ತಪ್ಪುತ್ತೆ. ಉಳಿದ ಪುಟ್ಟ ರಾಜರು ಈಗ ನಿಮಗಿಂತ ಒಂದು ಮೆಟ್ಟಿಲು ಕೆಳಗೆ, ಹಾಗಾಗಿ ಅವರಿಗೂ ‘ಸಾಮಂತರಾಗಿ’ ಅಂತ ಹೇಳಿ ಕಳಿಸಬಹುದು.

ಪಾಲು ಕಡಿಮೆ ಮಾಡೋಕೆ ಬೇರೆ ಉಪಾಯಗಳೂ ಇವೆ, ಯಾವುದೂ ಹಾಯಾಗಿಲ್ಲ. ಕಿರಿಮಗನನ್ನು ಮಠಕ್ಕೆ ಸೇರು ಅಂತ ಒಪ್ಪಿಸಬಹುದು. ಹಕ್ಕು ಕಿತ್ತುಕೊಳ್ಳಬಹುದು, ಅದಕ್ಕೆ ವಂಶದ ಕೀರ್ತಿ ಖರ್ಚಾಗುತ್ತೆ, ಮಗನ ದ್ವೇಷ ಬೇರೆ. ಅಥವಾ ಅವನಿಗಾಗಿಯೇ ದೂರದಲ್ಲಿ ಒಂದು ತುಂಡು ನೆಲ ಗೆದ್ದು ಬದುಕಿರುವಾಗಲೇ ಕೈಗೆ ಕೊಡಬಹುದು. ಮೂರನೆಯದು ನನಗೆ ಇಷ್ಟ. ಸಾಯುವ ಮೊದಲು ಅಪ್ಪನೇ ಕೂರಿಸಿಕೊಂಡು ‘ಇದು ನಿಂದು, ಇದು ಅವನದು’ ಅಂದ ಮನೆಗಳಲ್ಲಿ ಜಗಳ ಕಡಿಮೆ ಇರೋದನ್ನು ನಾವು ಊರಲ್ಲೇ ನೋಡಿಲ್ವಾ?

ನಿಜವಾದ ಮುರ್ಖಾದ್

ಆಟದ ಈ ಕಾಟ ಕಟ್ಟುಕತೆ ಅಂದುಕೊಂಡರೆ ಮುರ್ಖಾದನ ಮನೆತನವನ್ನೇ ನೋಡಿ. ಅವನ ಅಜ್ಜ ಬ್ರಯನ್ ಬೋರು, ಐರ್ಲೆಂಡಿನ ಇತಿಹಾಸದ ಅತಿ ದೊಡ್ಡ ಹೆಸರು. ಮನ್‌ಸ್ಟರಿನಿಂದ ಹೊರಟು 1002ರ ಹೊತ್ತಿಗೆ ಮಹಾರಾಜ ಪದವಿಗೆ ಏರಿದವನು. 1014ರ ಗುಡ್ ಫ್ರೈಡೇ ದಿನ ಡಬ್ಲಿನ್ ಹತ್ತಿರದ ಕ್ಲಾಂಟಾರ್ಫ್ ಕದನದಲ್ಲಿ ಅವನ ಕಡೆಯವರು ಗೆದ್ದರು, ಆದರೆ ಮುದುಕ ಬ್ರಯನ್ ಸತ್ತ. ಅದೇ ದಿನ ಅವನ ಮಗನೂ ಸತ್ತ, ಮೊಮ್ಮಗನೂ ಸತ್ತ.

ಉಳಿದ ಮಕ್ಕಳಲ್ಲಿ ಟೈಗ್ ಮತ್ತು ಡೊನಖಾದ್ ನಡುವೆ ಕಿತ್ತಾಟ. 1023ರಲ್ಲಿ ಡೊನಖಾದನ ಕುಮ್ಮಕ್ಕಿನಿಂದ ಟೈಗ್ ಕೊಲೆಯಾದ. ಅಲ್ಲಿಗೆ ಮುಗೀಲಿಲ್ಲ. ಟೈಗನ ಮಗ ಟುರ್ಲೋ ಬೆಳೆದು, ಲೆನ್‌ಸ್ಟರಿನ ರಾಜ ಡಿಯರ್ಮಿಡ್‌ನ ಬೆಂಬಲ ಪಡೆದು, ನಲವತ್ತು ವರ್ಷದ ಮೇಲೆ ಚಿಕ್ಕಪ್ಪನನ್ನು ಕೆಳಗಿಳಿಸಿದ. ಡೊನಖಾದ್ 1064ರಲ್ಲಿ ರೋಮಿಗೆ ಯಾತ್ರೆ ಹೋಗಿ ಅಲ್ಲೇ ತೀರಿಕೊಂಡ. ಆ ಡೊನಖಾದನ ಮಗನೇ ನಮ್ಮ ಮುರ್ಖಾದ್. ಅಂದ್ರೆ 1066ರಲ್ಲಿ ಮನ್‌ಸ್ಟರಿನ ನಿಜವಾದ ಹಿಡಿತ ಇದ್ದದ್ದು ದಾಯಾದಿ ಟುರ್ಲೋ ಕೈಯಲ್ಲಿ. ಮುರ್ಖಾದ್ 1068ರಲ್ಲೇ ಸತ್ತ. ಆಟ ನಿಮ್ಮ ಕೈಗೆ ಕೊಡೋದು ಇತಿಹಾಸದಲ್ಲಿ ಸೋತು ಹೋದವನನ್ನು.

ಟುರ್ಲೋ ಬಲವಾಗಿ ಆಳಿದ. ಆದರೆ 1086ರಲ್ಲಿ ಅವನು ಸತ್ತಾಗ ಮನ್‌ಸ್ಟರ್ ಏನಾಯ್ತು? ಮೂರು ಗಂಡುಮಕ್ಕಳಿಗೆ ಮೂರು ಪಾಲು. ಒಬ್ಬ ಬೇಗ ಸತ್ತ, ಇನ್ನೊಬ್ಬನನ್ನು ಮೂರನೆಯವನು ಓಡಿಸಿದ.

ಈ ತಲೆನೋವಿಗೆ ಐರಿಷರು ತಾವೇ ಕಂಡುಕೊಂಡ ಮದ್ದು ಆಟದಲ್ಲೂ ಇದೆ, ಹೆಸರು ಟ್ಯಾನಿಸ್ಟ್ರಿ. ಹಿರಿಮಗನಿಗೇ ಪಟ್ಟ ಅನ್ನೋ ನಿಯಮ ಅವರಲ್ಲಿ ಇರಲಿಲ್ಲ. ಒಂದೇ ಮುತ್ತಜ್ಜನಿಂದ ಬಂದ ಗಂಡಸರೆಲ್ಲ ಅರ್ಹರು, ಅವರಲ್ಲಿ ಯೋಗ್ಯನಾದವನನ್ನು ರಾಜ ಬದುಕಿರುವಾಗಲೇ ಉತ್ತರಾಧಿಕಾರಿ ಅಂತ ಆರಿಸೋದು. ಅವನಿಗೆ ಟಾನಿಷ್ಟೆ ಅಂತ ಹೆಸರು. ಇವತ್ತಿಗೂ ಐರ್ಲೆಂಡಿನ ಉಪಪ್ರಧಾನಿಯ ಹುದ್ದೆಗೆ ಇರೋ ಹೆಸರು ಅದೇ.

ಆಟದಲ್ಲಿ ಈ ಕಾನೂನನ್ನು ಐರ್ಲೆಂಡಿನ ಪಟ್ಟಕ್ಕೆ ಜೋಡಿಸಬಹುದು. ಸಾಕಷ್ಟು ಪ್ರೆಸ್ಟೀಜ್ ಖರ್ಚಾಗುತ್ತೆ. ಓಟು ಹಾಕೋರು ನಿಮ್ಮ ಸಾಮಂತರು, ಅವರ ಮನಸ್ಸು ಬಹಳ ಸಲ ನಿಮ್ಮ ಹದಿನಾರರ ಮಗನಿಗಿಂತ ವಂಶದ ಹಿರಿಯ ದಾಯಾದಿ ಕಡೆ ವಾಲುತ್ತೆ. ಕಿರೀಟ ನಿಮ್ಮ ವಂಶದಲ್ಲೇ ಉಳಿಯುತ್ತೆ, ಆದರೆ ನಿಮ್ಮ ಸ್ವಂತ ಕೌಂಟಿಗಳು ಮಕ್ಕಳ ಪಾಲಾಗಿ, ಬರಿಗೈ ದಾಯಾದಿಗೆ ಕಿರೀಟ ಮಾತ್ರ ಸಿಗೋ ಅಪಾಯ ಇದೆ. ಹಾಗಾಗಿ ಸಾಮಂತರಲ್ಲಿ ಯಾರು ಯಾರಿಗೆ ಓಟು ಹಾಕ್ತಿದ್ದಾರೆ ಅಂತ ವರ್ಷಕ್ಕೊಮ್ಮೆಯಾದರೂ ನೋಡ್ತಿರಿ. ನಮ್ಮ ಹುಡುಗ ಹಿಂದೆ ಬಿದ್ದಿದ್ದರೆ ಔತಣ ಕೊಡಿಸಿ, ಸೆರೆಯಲ್ಲಿರೋ ಯಾರದೋ ತಮ್ಮನನ್ನು ಬಿಡಿಸಿ. ರಾಜಕೀಯ ಗೊತ್ತಿರೋ ನಾಡಿನವರು ನಾವು, ಹೇಳಿಕೊಡಬೇಕಾ!

ಹೊಸ ರಾಜನ ಮೊದಲ ಕೆಲವು ವರ್ಷ ಬಾಗಿಲು ಹಾಕಿಕೊಂಡು ಕೂರಿ. ಹೊಸಬ ಅನ್ನೋ ಕಾರಣಕ್ಕೇ ಸಾಮಂತರಿಗೆ ಅವನ ಮೇಲೆ ಅಸಮಾಧಾನ ಇರುತ್ತೆ, ಒಟ್ಟು ಸೇರಿ ಬಣ ಕಟ್ತಾರೆ. ಆ ಹೊತ್ತಿನಲ್ಲಿ ಹೊರಗೆ ಯುದ್ಧ ಸಾರೋದು ತಲೆಕೆಟ್ಟ ಕೆಲಸ. ಅಪ್ಪ ಬಿಟ್ಟು ಹೋದ ತಿಜೋರಿಯಲ್ಲಿ ಚಿನ್ನ ಇದ್ದರೆ ಬಲಿಷ್ಠ ಸಾಮಂತರಿಗೆ ಉಡುಗೊರೆ, ಮಂತ್ರಿಮಂಡಲದಲ್ಲಿ ಜಾಗ, ಅವರ ಮನೆಗೆ ಒಂದು ಹೆಣ್ಣು. ಕಾರಣ ಇಲ್ಲದೆ ಯಾರ ನೆಲವನ್ನೂ ಕಿತ್ತುಕೊಳ್ಳಬೇಡಿ, ಕ್ರೂರಿ ಅನ್ನೋ ಹಣೆಪಟ್ಟಿ ವರ್ಷಗಟ್ಟಲೆ ಅಂಟಿಕೊಳ್ಳುತ್ತೆ.

ದ್ವೀಪ ಒಂದಾಗದಿದ್ದರೆ ಏನಾಗ್ತಿತ್ತು ಅನ್ನೋದಕ್ಕೂ ಉತ್ತರ ಇತಿಹಾಸದಲ್ಲೇ ಇದೆ. ಒಬ್ಬೊಬ್ಬ ಬಲಿಷ್ಠ ರಾಜ ಬಂದಾಗ ಉಳಿದವರು ತಲೆಬಾಗಿದರು, ಅವನು ಸತ್ತಾಗ ಬಿಟ್ಟು ಹೋದರು. ಅಂಥವರಿಗೆ ಐರಿಷ್ ಬರಹಗಳು ‘ವಿರೋಧವಿರುವ ಮಹಾರಾಜ’ ಅಂತಲೇ ಹೆಸರಿಟ್ಟವು. 1166ರಲ್ಲಿ ಲೆನ್‌ಸ್ಟರಿನ ಇನ್ನೊಬ್ಬ ಡಿಯರ್ಮಿಡ್, ಮೆಕ್‌ಮುರೋ ಮನೆತನದವನು, ರಾಜ್ಯ ಕಳೆದುಕೊಂಡು ಸಮುದ್ರ ದಾಟಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಸಹಾಯ ಕೇಳಿದ. 1169ರಲ್ಲಿ ಮೊದಲ ನಾರ್ಮನ್ ಪಡೆ ಬಂತು. ಮರುವರ್ಷ ಬಂದ ಸ್ಟ್ರಾಂಗ್‌ಬೋ ಎಂಬ ಸರದಾರನಿಗೆ ಡಿಯರ್ಮಿಡ್ ಮಗಳು ಈಫಾಳನ್ನು ಮದುವೆ ಮಾಡಿಕೊಟ್ಟ. 1171ರಲ್ಲಿ ಹೆನ್ರಿಯೇ ಹಡಗಿನ ದಂಡು ಕಟ್ಟಿಕೊಂಡು ಬಂದಿಳಿದ. ಬಂದವರು ಮತ್ತೆ ಹೋಗಲು ಎಷ್ಟು ಶತಮಾನ ಬೇಕಾಯ್ತು ಅಂತ ನಿಮಗೆ ಗೊತ್ತು.

ನಮ್ಮವರನ್ನೂ ಆಡಬಹುದು

ಐರ್ಲೆಂಡ್ ಕೈಹಿಡಿದ ಮೇಲೆ ನಕ್ಷೆಯನ್ನು ಪೂರ್ವಕ್ಕೆ ಎಳೆದು ನೋಡಿ. ಅದೇ 1066ರಲ್ಲಿ ಕಲ್ಯಾಣದ ಚಾಲುಕ್ಯರು ಇದ್ದಾರೆ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅವರ ರಾಜಧಾನಿ. ಒಂದನೇ ಸೋಮೇಶ್ವರ ಸತ್ತದ್ದೂ 1068ರಲ್ಲೇ, ಮುರ್ಖಾದ್ ಸತ್ತ ವರ್ಷವೇ. ಹಿರಿಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. ಎಂಟು ವರ್ಷದಲ್ಲಿ, 1076ರಲ್ಲಿ, ತಮ್ಮ ಆರನೇ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನೇ ಕೂತು, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರು ಮಾಡಿ ಐವತ್ತು ವರ್ಷ ಆಳಿದ. ಅವನ ಮೇಲೂ ಅವನ ತಮ್ಮ ಜಯಸಿಂಹ ತಿರುಗಿ ಬಿದ್ದ. ಅಣ್ಣತಮ್ಮಂದಿರ ಕತೆ ಸಮುದ್ರದ ಆಚೆಗೂ ಈಚೆಗೂ ಒಂದೇ.

ಅಲ್ಲಿ ಆಟ ಬೇರೆ ಥರ. ಐರ್ಲೆಂಡಿನಲ್ಲಿ ಚಿಕ್ಕದರಿಂದ ದೊಡ್ಡದು ಕಟ್ಟಬೇಕು, ಇಲ್ಲಿ ದೊಡ್ಡದನ್ನು ಒಡೆಯದ ಹಾಗೆ ಹಿಡಿದಿಡಬೇಕು. ನಿಮಗೆ 867ರ ತಾರೀಖು ಇಷ್ಟವಾದರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನೇ ಸಿಗ್ತಾನೆ, ಮುಪ್ಪಿನ ವಯಸ್ಸಿನಲ್ಲಿ. ‘ಕವಿರಾಜಮಾರ್ಗ’ದ ಆಸ್ಥಾನದ ದೊರೆಯನ್ನು ಮೌಸ್ ಹಿಡಿದು ಆಡಿಸೋದು ಮೊದಲ ಸಲ ಸ್ವಲ್ಪ ಸಂಕೋಚವೇ ಅನ್ನಿಸುತ್ತೆ. ಆದರೆ ಮುಪ್ಪಿನ ರಾಜ ಅಂದರೆ ಏನು ಅಂತ ಈಗ ನಿಮಗೆ ಗೊತ್ತಿದೆ. ಆಟ ತೆರೆದ ಕೂಡಲೇ ಸೈನ್ಯ ನೋಡಬೇಡಿ, ಉತ್ತರಾಧಿಕಾರದ ಪುಟ ತೆಗೆದು ಯಾರಿಗೆ ಏನು ಹೋಗುತ್ತೆ ಅಂತ ಓದಿ.